ಮೂರು ಬೆರಳು ತಗ್ಗಿದ ನೆಲ

ಈ ಲೋಕವನ್ನು ಎತ್ತರದವರು ತಮ್ಮ ಅಳತೆಗೆ ಹೊಲಿಸಿಕೊಂಡಿದ್ದಾರೆ. ಬಸ್ಸಿನ ಹಿಡಿಕೆ ಅವರ ಕೈಗೆ ಸಿಗುವಲ್ಲಿದೆ. ಬ್ಯಾಂಕಿನ ಕೌಂಟರು ಅವರ ಎದೆಮಟ್ಟಕ್ಕಿದೆ, ಕುಳ್ಳನ ಗದ್ದಮಟ್ಟಕ್ಕಿದೆ. ಕ್ಷೌರದಂಗಡಿಯ ಕನ್ನಡಿಯಲ್ಲಿ ಅವರಿಗೆ ಮುಖ ಕಾಣುತ್ತದೆ, ಕುಳ್ಳನಿಗೆ ಹಣೆ ಮಾತ್ರ. ಕುಳ್ಳನ ಕೈಗೆ ಸಿಗಲೆಂದು ಮಾಡಿದ್ದು ಬಾಗಿಲಿನ ಕೆಳಚಿಲಕ ಒಂದೇ. ಅದೂ ಅವನ ಮೇಲಿನ ಪ್ರೀತಿಗಲ್ಲ, ಎತ್ತರದವರಿಗೆ ಬಗ್ಗಲು ಬೇಜಾರು ಎಂಬುದಕ್ಕೆ.

ಇಂಥ ಲೋಕದಲ್ಲಿ ಔಷಧ ಉಗ್ರಾಣದ ಕಾಂಪೌಂಡರ್ ಒಬ್ಬ ತನ್ನ ನಲವತ್ತಮೂರನೆಯ ವಯಸ್ಸಿನಲ್ಲಿ ಬೆಟ್ಟಗುಡ್ಡ ಹತ್ತಲೆಂದೇ ಎತ್ತರವಾಗಿ ಮಾಡುವ ಹೊಸ ಅಡ್ವೆಂಚರ್ ಬೈಕು ಕೊಂಡ ಎಂದರೆ ಅದು ಸುದ್ದಿಯಲ್ಲ, ದಂಗೆ.

ಅವನ ಎತ್ತರ ಐದಡಿ ಒಂದಂಗುಲ. ಯಾರಾದರೂ "ಐದಡಿ ಇರಬಹುದು" ಎಂದರೆ ಸಾಕು, "ಒಂದಂಗುಲ" ಎಂದು ಥಟ್ಟನೆ ಸೇರಿಸುತ್ತಿದ್ದ. ಮದುವೆಯ ದಿನ ಸೇರಿಸಿದ, ಆಸ್ಪತ್ರೆಯಲ್ಲಿ ಜ್ವರದಲ್ಲಿ ಮಲಗಿದ್ದಾಗಲೂ ಸೇರಿಸಿದ. ಸೇರಿಸಿ ಸೇರಿಸಿ ಕೊನೆಗೆ ಊರೇ ಅವನನ್ನು ಅಂಗುಲಪ್ಪ ಎಂದು ಕರೆಯಿತು.

ಅಂಗುಲಪ್ಪ ಬೈಕು ಕೊಂಡದ್ದು ಶೋಕಿಗಲ್ಲ. ಊರಾಚೆ ಒಂದು ಗುಡ್ಡ, ಗುಡ್ಡದ ನೆತ್ತಿಯಲ್ಲಿ ಕಲ್ಲುಗಣಿ, ಗಣಿಯ ಸುತ್ತ ನಾಲ್ಕು ಸಾಲು ತಗಡಿನ ಮನೆಗಳು. ಅಲ್ಲಿಯವರು ಹಗಲೆಲ್ಲ ಕಲ್ಲು ಕಡಿದು, ಉಳಿದ ಹೊತ್ತೆಲ್ಲ ಕಲ್ಲಿನ ಪುಡಿ ಕೆಮ್ಮುತ್ತಾರೆ. ಪ್ರತಿ ಗುರುವಾರ ಅವರಿಗೆ ಕೆಮ್ಮಿನ ಮಾತ್ರೆ, ಉಸಿರಿನ ಪಂಪು, ಗಾಯದ ಪಟ್ಟಿ ಮುಟ್ಟಿಸುವುದು ಅಂಗುಲಪ್ಪನ ಹನ್ನೊಂದು ವರ್ಷದ ಕೆಲಸ. ಅದಕ್ಕೆ ಒಂದು ಜೀಪಿತ್ತು. ಆ ಜೀಪು ಈಗ ಉಗ್ರಾಣದ ಸಾಹೇಬರ ನಾಯಿಯನ್ನು ಕೂದಲು ಕತ್ತರಿಸಲು ಕರೆದುಕೊಂಡು ಹೋಗುತ್ತದೆ. ನಾಯಿಗೆ ಮೈತುಂಬ ಕೂದಲು. ಗುಡ್ಡದವರಿಗೆ ಬರೀ ಕೆಮ್ಮು. ಯಾರ ಕಷ್ಟ ದೊಡ್ಡದೆಂದು ಸಾಹೇಬರು ಕೂತು ಯೋಚಿಸಿಯೇ ತೀರ್ಮಾನಿಸಿದ್ದರು.

ಜೀಪು ಹೋದ ಮೇಲೆ ಆದೇಶ ಬಂತು: ಗುಡ್ಡದ ಪಾಳಿಗೆ ಹೋಗುವವನಿಗೆ ಸ್ವಂತ ಬೈಕಿರಬೇಕು. ಬೈಕಿನ ಮೇಲೆ ಕುಳಿತಾಗ ಅವನ ಎರಡೂ ಹಿಮ್ಮಡಿಗಳು ಏಕಕಾಲಕ್ಕೆ ನೆಲವನ್ನು ಮುಟ್ಟಿರತಕ್ಕದ್ದು. ಈ ನಿಯಮ ಹುಟ್ಟಿದ ಕಥೆ ಎಲ್ಲರಿಗೂ ಗೊತ್ತು. ಹಿಂದೊಮ್ಮೆ ಮೇಲಧಿಕಾರಿಯೊಬ್ಬರು ನಿಲ್ಲಿಸಿದ ಬೈಕಿನ ಮೇಲೆ ಕೂತು ಫೋಟೋ ತೆಗೆಸಿಕೊಳ್ಳುವಾಗ ಮಗ್ಗುಲಿಗೆ ಬಿದ್ದಿದ್ದರು. ಅವರ ಮಂಡಿ ತರಚಿದ್ದು ನಿಯಮವಾಯಿತು. ಗುಡ್ಡದಲ್ಲಿ ಉಸಿರುಗಟ್ಟಿ ಹೋದವರು ಇನ್ನೂ ಟಿಪ್ಪಣಿಯೂ ಆಗಿರಲಿಲ್ಲ.

ಗುಡ್ಡದ ದಾರಿಗೆ ಸಣ್ಣ ಗಾಡಿ ಆಗದು, ಮೊದಲ ಬಂಡೆಗೇ ಹೊಟ್ಟೆ ಕೊಟ್ಟು ಕೂತುಬಿಡುತ್ತದೆ. ಅಂಗುಲಪ್ಪ ಎರಡು ಸಲ ಎರವಲು ಬೈಕು ತಂದು ಪರೀಕ್ಷೆಗೆ ನಿಂತ. ಎರಡು ಸಲವೂ ಅವನ ಕಾಲು ತೊಟ್ಟಿಲಿನ ಮಗುವಿನ ಕಾಲಿನಂತೆ ಗಾಳಿಯಲ್ಲಿ ಆಡಿತು. ಬರುವ ಗುರುವಾರದ ಮೂರನೆಯದು ಕೊನೆಯದು. ಅದರಲ್ಲೂ ಸೋತರೆ ಗುಡ್ಡದ ಪಾಳಿಯೇ ರದ್ದು. ಅಂಗುಲಪ್ಪ ಉಗ್ರಾಣದಲ್ಲಿ ಕೂತು ಬಾಟಲಿಗೆ ಚೀಟಿ ಅಂಟಿಸಬೇಕು. ಗುಡ್ಡದವರು ಬೇಕಾದರೆ ಆರು ಮೈಲಿ ಇಳಿದು ಬಂದು ಮಾತ್ರೆ ಒಯ್ಯಬೇಕು. "ಸದ್ಯ ಕಾಲ್ನಡಿಗೆಯಲ್ಲೇ ಹೋಗ್ತಿದ್ದೀನಲ್ಲ ಸಾರ್, ಹಾಗೇ ಹೋಗ್ತೀನಿ" ಎಂದು ಅಂಗುಲಪ್ಪ ಕೇಳಿದ್ದಕ್ಕೆ, ಕಾಲ್ನಡಿಗೆಗೆ ನಮೂನೆಯಲ್ಲಿ ಜಾಗವಿಲ್ಲ ಎಂದು ಗುಮಾಸ್ತ ನಮೂನೆಯನ್ನೇ ತೋರಿಸಿದ.

ಆಗ ಬಂತು ಆ ಹೊಸ ಬೈಕು. ಎತ್ತರದ ಬೈಕಿಗಿದ್ದ ಅದೇ ಹಕ್ಕಿಕೊಕ್ಕಿನಂಥ ಮುಂದಿನ ಮಡ್‌ಗಾರ್ಡು, ಅದೇ ಕಡ್ಡಿಚಕ್ರ, ಅದೇ ಇಂಜಿನ್ನು, ಎರಡು ಮಗ್ಗುಲಿಗೂ ಸಾಮಾನಿನ ಪೆಟ್ಟಿಗೆ. ಆದರೆ ಕುಳ್ಳರಿಗೆಂದೇ ಸೀಟು ತಗ್ಗಿಸಿ ಮಾಡಿದ್ದು. ಭಾನುವಾರ ಶೋರೂಮಿನಲ್ಲಿ ಅಂಗುಲಪ್ಪ ಹತ್ತಿ ಕೂತ. ಎಡ ಹಿಮ್ಮಡಿ ನೆಲ ಮುಟ್ಟಿತು. ಬಲ ಹಿಮ್ಮಡಿಯೂ ಮುಟ್ಟಿತು. ಅವನ ಕಣ್ಣಲ್ಲಿ ನೀರು ಬಂತು.

"ಸಾರ್, ಏನಾಯ್ತು?" ಎಂದಳು ಶೋರೂಮಿನ ಹುಡುಗಿ.

"ಏನಿಲ್ಲಮ್ಮ. ನೆಲ."

ಇಲ್ಲಿಯವರೆಗೆ ತಪ್ಪೇನಿಲ್ಲ. ತಪ್ಪು ಆದದ್ದು ಶೋರೂಮಿನಿಂದ ಎರಡನೆಯ ತಿರುವಿನಲ್ಲಿ. ಬೈಕಿನ ಮಗ್ಗುಲಿಗೆ ಇದು ತಗ್ಗಿದ ಮಾದರಿ ಎಂದು ಸಾರುವ ಹೆಬ್ಬೆರಳಗಲದ ಒಂದು ಸ್ಟಿಕ್ಕರಿತ್ತು. ಅಂಗುಲಪ್ಪ ಬೈಕು ನಿಲ್ಲಿಸಿದ, ಆಚೀಚೆ ನೋಡಿದ, ಉಗುರಿನಿಂದ ಅದನ್ನು ಕಿತ್ತು ಚರಂಡಿಗೆ ಎಸೆದ. ಅವನು ಮಾಡಿದ್ದು ಇಷ್ಟೇ. ಮುಂದಿನದನ್ನೆಲ್ಲ ಅವನ ಹಿತೈಷಿಗಳು ಮಾಡಿದರು.

ಮೊದಲ ಹಿತೈಷಿ ಹೆಂಡತಿಯ ತಮ್ಮ. ಆರಡಿ ಎರಡಂಗುಲದ ಆಳು, ಪೀಠೋಪಕರಣದ ಅಂಗಡಿಯಲ್ಲಿ ಮಾರಾಟದವನು, ಏನೇ ಕಂಡರೂ ಕೂತು ನೋಡುವ ಚಾಳಿ. ಬೈಕು ಮನೆ ಮುಂದೆ ಬಂದದ್ದೇ ತಡ, ಕಾಲೆತ್ತಿ ಕೂತ. ಅವನ ಮಂಡಿಗಳೆರಡೂ ಹ್ಯಾಂಡಲಿನ ಮಟ್ಟಕ್ಕೆ ಬಂದವು. ಮಿಡತೆ ಕೂತ ಹಾಗೆ ಕಂಡ.

"ಭಾವಾ! ಇದೇನು, ಗಾಡಿ ಕೂತುಬಿಟ್ಟಿದೆ!"

"ಕೂತಿಲ್ಲ. ಅದಿರೋದೇ ಹಾಗೆ."

"ಹಾಗೆ ಹೇಗಿರುತ್ತೆ? ನನ್ನ ಸ್ನೇಹಿತನ ಹತ್ರ ಇದೇ ಗಾಡಿ ಇದೆ. ಅದರ ಮೇಲೆ ಕೂತ್ರೆ ಪಕ್ಕದ ಮನೆ ಮಹಡಿ ಕಾಣುತ್ತೆ. ಇದ್ರಲ್ಲಿ ಕೂತ್ರೆ ಚರಂಡಿ ಕಾಣ್ತಿದೆ. ನಿಮಗೆ ಶಾಕಪ್ಸರ್ ಸತ್ತಿರೋ ಗಾಡಿ ತಗಲಾಕಿದ್ದಾರೆ ಭಾವಾ!"

ಇದು ಕುಳ್ಳರ ಮಾದರಿ ಎಂದು ಅಂಗುಲಪ್ಪ ಹೇಳಿಬಿಟ್ಟಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಅವನು ಬಾಯಿ ತೆರೆದ. ತನ್ನ ಕಿವಿಯ ಮಟ್ಟಕ್ಕಿದ್ದ ಭಾವಮೈದುನನ ಮಂಡಿ ನೋಡಿದ. ಬಾಯಿ ಮುಚ್ಚಿದ.

ಹೆಂಡತಿಗೆ ಸತ್ಯ ಗೊತ್ತಿತ್ತು. ಅವಳು ಗಂಡನಿಗಿಂತ ಎರಡಂಗುಲ ಎತ್ತರ, ಹದಿನೇಳು ವರ್ಷದಿಂದ ಮೇಲಿನ ಕಪಾಟಿನ ಡಬ್ಬಿಗಳನ್ನು ಸದ್ದಿಲ್ಲದೆ ತೆಗೆದುಕೊಡುತ್ತಿದ್ದವಳು. ಒಳಗೆ ಕರೆದು ಹಲ್ಲು ಕಚ್ಚಿ ಕೇಳಿದಳು. "ರೀ, ಹೇಳಿಬಿಡ್ರೀ. ಏನಾಗುತ್ತೆ?"

"ಏನು ಹೇಳ್ಲಿ? ನಿನ್ನ ತಮ್ಮನ ಮುಂದೆ ನಾನು ಕುಳ್ಳ ಅಂತ ಒಪ್ಕೊಳ್ಳಲಾ?"

"ಅವನಿಗೆ ಗೊತ್ತಿಲ್ವಾ? ಕಣ್ಣಿಲ್ವಾ ಅವನಿಗೆ?"

"ಗೊತ್ತಿರೋದು ಬೇರೆ. ಒಪ್ಕೊಳ್ಳೋದು ಬೇರೆ."

"ಸರಿ ಹಾಗಾದ್ರೆ, ಅನುಭವಿಸಿ" ಎಂದು ಅವಳು ಪಾತ್ರೆ ತೊಳೆಯಲು ಹೋದಳು. ಆ ದಿನ ಆ ಮನೆಯಲ್ಲಿ ಯಾರಾದರೂ ಬುದ್ಧಿಯ ಮಾತಾಡಿದ್ದಿದ್ದರೆ ಅದೊಂದೇ.

ಎರಡನೆಯ ಹಿತೈಷಿ ಪಕ್ಕದ ಮನೆಯ ನಿವೃತ್ತ ಇನ್ಸ್‌ಪೆಕ್ಟರು. ಮೂವತ್ತೊಂದು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಅಂಗಡಿಯವರ ತಕ್ಕಡಿ ಹಿಡಿದು ನಡುಗಿಸಿದವರು. ನಿವೃತ್ತರಾದ ಮೇಲೆ ನಡುಗಿಸಲು ಏನೂ ಸಿಗದೆ ಸೊರಗಿದ್ದರು. ಹಾಲಿನ ಪೊಟ್ಟಣ ತೂಗಿದ್ದರು, ಬೆಂಕಿಪೆಟ್ಟಿಗೆಯ ಕಡ್ಡಿ ಎಣಿಸಿದ್ದರು, ಒಮ್ಮೆ ಹೆಂಡತಿಯ ಸೀರೆಯನ್ನು ಅಂಗಳದಲ್ಲಿ ಹಾಸಿ ಅಳೆದಿದ್ದರು. "ಗಾಡಿ ಕೂತುಬಿಟ್ಟಿದೆ" ಎಂಬ ಕೂಗು ಕಿವಿಗೆ ಬಿದ್ದದ್ದೇ ಜೇಬಿನಿಂದ ಟೇಪು ಹೊರಬಂತು. ಭಾವಮೈದುನನ ಸ್ನೇಹಿತನ ಬೈಕನ್ನೂ ತರಿಸಿದರು. ಎರಡನ್ನೂ ಬೀದಿಯಲ್ಲಿ ಅಕ್ಕಪಕ್ಕ ನಿಲ್ಲಿಸಿ ಅಳೆದರು.

"ಎರಡೂವರೆ ಅಂಗುಲ ಕಡಿಮೆ!" ಎಂದು ಅವರು ಕೂಗಿದಾಗ ಅವರ ಮುಖದಲ್ಲಿ ಹತ್ತು ವರ್ಷದ ಯೌವನ ಮರಳಿತ್ತು. "ಮೂವತ್ತೊಂದು ವರ್ಷದಲ್ಲಿ ಇಂಥ ಕೇಸು ಸಿಕ್ಕಿರ್ಲಿಲ್ಲ ಕಣ್ರೀ! ಬೇಳೆಯಲ್ಲಿ ಮೋಸ ಮಾಡೋರನ್ನ ನೋಡಿದ್ದೀನಿ, ಎಣ್ಣೆಯಲ್ಲಿ ನೋಡಿದ್ದೀನಿ. ಎತ್ತರದಲ್ಲಿ ಮೋಸ ಮಾಡೋರನ್ನ ಇವತ್ತೇ ನೋಡಿದ್ದು!"

"ಬೇಡ ಬಿಡಿ ಸಾರ್, ನನಗೆ ಅಡ್ಡಿಯಿಲ್ಲ" ಎಂದ ಅಂಗುಲಪ್ಪ.

"ನಿಮಗೆ ಅಡ್ಡಿಯಿಲ್ಲ ಅಂತಲೇ ಅವರು ಮೋಸ ಮಾಡ್ತಿರೋದು! ಗ್ರಾಹಕ ಸಾಧು, ಅದಕ್ಕೇ ದೇಶ ಹಾಳಾಗಿದೆ!"

ಬೀದಿಯವರು ಸೇರಿದರು. ಆ ಬೀದಿಯಲ್ಲಿ ಎರಡು ವರ್ಷದಿಂದ ದೀಪ ಉರಿಯುತ್ತಿರಲಿಲ್ಲ, ನಲ್ಲಿಯಲ್ಲಿ ಮೂರು ದಿನಕ್ಕೊಮ್ಮೆ ನೀರು. ಅದಕ್ಕೆಲ್ಲ ಒಂದು ದಿನವೂ ಸೇರದಿದ್ದವರು ಪಕ್ಕದವನ ಬೈಕಿನ ಎರಡೂವರೆ ಅಂಗುಲಕ್ಕೆ ಹೊಟ್ಟೆಯುರಿದು ಸೇರಿದರು. ತಮ್ಮದಲ್ಲದ ಅನ್ಯಾಯಕ್ಕೆ ಸಿಟ್ಟಾಗುವುದು ಸುಲಭ, ಯಾರಿಗೂ ಹೆದರಬೇಕಿಲ್ಲ.

ಸೋಮವಾರ ಹದಿನಾಲ್ಕು ಜನ ಶೋರೂಮಿಗೆ ನುಗ್ಗಿದರು. ಮುಂದೆ ಇನ್ಸ್‌ಪೆಕ್ಟರು ಟೇಪು ಎತ್ತಿ ಹಿಡಿದು, ಪಕ್ಕದಲ್ಲಿ ಭಾವಮೈದುನ, ಎಲ್ಲರಿಗಿಂತ ಹಿಂದೆ, ಎಲ್ಲರ ಬೆನ್ನಿನ ಮರೆಯಲ್ಲಿ, ಅಂಗುಲಪ್ಪ.

"ಎತ್ತರ ಎಲ್ಲಿ?" ಎಂದು ಇನ್ಸ್‌ಪೆಕ್ಟರು ಮೇಜು ಗುದ್ದಿದರು.

ಶೋರೂಮಿನ ಹುಡುಗಿ ಗಾಬರಿಯಾದಳು. "ಸಾರ್, ಅದು ಬಂದು... ಅವರು ತಗೊಂಡಿರೋದು ಬೇರೆ..." ಎಂದು ಶುರುಮಾಡಿ, ಗುಂಪಿನ ಸಂದಿಯಲ್ಲಿ ಅಂಗುಲಪ್ಪನನ್ನು ಕಂಡಳು. ಅವನು ಎರಡೂ ಕೈ ಜೋಡಿಸಿ, ಕಣ್ಣು ಅರಳಿಸಿ, ತಲೆಯನ್ನು ಆಚೀಚೆ ಆಡಿಸುತ್ತಿದ್ದ. ಅವಳೂ ಎತ್ತರದವಳೇನಲ್ಲ. ಅವಳ ಕುರ್ಚಿಯ ಕೆಳಗೆ ಕಾಲಿಡಲು ಒಂದು ರಟ್ಟಿನ ಪೆಟ್ಟಿಗೆಯಿತ್ತು. ಒಂದು ಕ್ಷಣ ಅವನನ್ನೇ ನೋಡಿ, ಮಾತು ನುಂಗಿದಳು.

"ಪರಿಶೀಲನೆ ಮಾಡ್ತೀವಿ ಸಾರ್."

"ನೋಡಿದ್ರಾ!" ಇನ್ಸ್‌ಪೆಕ್ಟರು ಗುಂಪಿನ ಕಡೆ ತಿರುಗಿದರು. "ಉತ್ತರ ಇಲ್ಲ! ಮೌನ! ಅಂದ್ರೆ ಏನರ್ಥ?"

"ಕಳ್ಳತನ!" ಎಂದಿತು ಗುಂಪು.

ಆವತ್ತಿನಿಂದ ಬೈಕು ಸಾಕ್ಷ್ಯವಾಯಿತು. ಸಾಕ್ಷ್ಯವನ್ನು ಓಡಿಸಬಾರದೆಂದು ಇನ್ಸ್‌ಪೆಕ್ಟರು ಕೀಲಿ ಇಸಿದುಕೊಂಡರು. ಅಂಗುಲಪ್ಪ ಬಸ್ಸಿನಲ್ಲಿ ಹೋಗಿಬಂದ. ಸುಮ್ಮನಿದ್ದರೆ ಗುರುವಾರ ಬೆಳಿಗ್ಗೆ ಕೀಲಿ ಸಿಗುತ್ತದೆ, ಪರೀಕ್ಷೆ ಪಾಸಾಗುತ್ತದೆ, ಆಮೇಲೆ ಯಾರೇನಾದರೂ ಅಂದುಕೊಳ್ಳಲಿ ಎಂಬುದು ಅವನ ಲೆಕ್ಕಾಚಾರ. ಸುಮ್ಮನಿದ್ದರೆ ಎಲ್ಲ ಸರಿಹೋಗುತ್ತದೆ ಎಂದು ನಂಬಿದ ಬಡಪಾಯಿಗಳಿಂದಲೇ ಈ ಲೋಕದ ಉಗ್ರಾಣಗಳೆಲ್ಲ ತುಂಬಿವೆ.

ಬುಧವಾರ ಅವನು ಕೆಲಸಕ್ಕೆ ಹೋಗಿದ್ದಾಗ ಬೀದಿಯವರು ಸಭೆ ಸೇರಿದರು. ನಾಳೆ ಅವನಿಗೆ ಸಾಹೇಬರ ಮುಂದೆ ಪರೀಕ್ಷೆ, ಇಂಥ ಕೂತ ಗಾಡಿ ತಗೊಂಡು ಹೋದರೆ ಮರ್ಯಾದೆ ಏನು ಎಂದು ಭಾವಮೈದುನ ಕಳವಳಪಟ್ಟ. ಪರೀಕ್ಷೆ ಎಂದರೆ ಗಾಡಿಯ ಪರೀಕ್ಷೆ ಎಂದೇ ಎಲ್ಲರೂ ತಿಳಿದಿದ್ದರು. ಹಿಮ್ಮಡಿಯ ವಿಷಯವನ್ನು ಅಂಗುಲಪ್ಪ ಯಾರಿಗೆ ತಾನೇ ಹೇಳಿದ್ದ? ಹೆಂಡತಿ ಅಂದು ತವರಿಗೆ ಹೋಗಿದ್ದಳು. ಮೂಲೆಯ ಮೆಕ್ಯಾನಿಕ್ಕನನ್ನು ಕರೆಸಿದರು. ಅವನು ಹಿಂದಿನ ಶಾಕಪ್ಸರಿನ ಪಟ್ಟಿಗಳನ್ನು ಬಿಚ್ಚಿ ಬೇರೆ ಹಾಕಿದ, ಮುಂದಿನ ಚಕ್ರದ ಕಂಬಗಳನ್ನು ಹೊರಗೆಳೆದ, ಸೀಟಿನೊಳಗೆ ಎರಡು ಪದರ ರಬ್ಬರು ತುರುಕಿದ. ಬಿಚ್ಚಿದ್ದನ್ನೆಲ್ಲ ಸಂಜೆಯೊಳಗೆ ಗುಜರಿಗೆ ಹಾಕಿದ. ಇನ್ಸ್‌ಪೆಕ್ಟರು ಅಳೆದರು. ಸ್ನೇಹಿತನ ಬೈಕಿಗಿಂತ ಇದೇ ಕೂದಲೆಳೆಯಷ್ಟು ಎತ್ತರ. ಎಲ್ಲರೂ ಚಪ್ಪಾಳೆ ತಟ್ಟಿದರು.

"ಈಗಲೇ ಹೇಳ್ಬೇಡಿ" ಎಂದ ಭಾವಮೈದುನ. "ನಾಳೆ ಪರೀಕ್ಷೆ ಜಾಗದಲ್ಲೇ ಭಾವನಿಗೆ ಗೊತ್ತಾಗ್ಲಿ."

ಗುರುವಾರ ಬೆಳಿಗ್ಗೆ ಅಂಗುಲಪ್ಪ ಇನ್ಸ್‌ಪೆಕ್ಟರಿಂದ ಕೀಲಿ ಇಸಿದುಕೊಂಡು, ಹಿಂದಿನ ಸಂಜೆಯೇ ತಂದಿಟ್ಟಿದ್ದ ಗುಡ್ಡದ ಔಷಧಿಯನ್ನು ಬೈಕಿನ ಪೆಟ್ಟಿಗೆಗಳಿಗೆ ತುಂಬಿದ. ಪಾಸಾದ ತಕ್ಷಣ ಅಲ್ಲಿಂದಲೇ ಹೊರಡುವ ಉತ್ಸಾಹ. ಎರವಲು ಬೈಕು ಹತ್ತುತ್ತಿದ್ದ ಅಭ್ಯಾಸದಂತೆ ಮನೆಯ ಮೆಟ್ಟಿಲ ಮೇಲೆ ನಿಂತು ಬೈಕು ಹತ್ತಿದ. ಗಾಡಿ ಸ್ಟ್ಯಾಂಡಿನ ಮೇಲೆ ಅತಿಯಾಗಿ ವಾಲಿ ನಿಂತಂತೆ ಕಂಡಿತು, ಬೀದಿ ಸರಿಯಿಲ್ಲ ಎಂದುಕೊಂಡ. ಮೊದಲ ಸಿಗ್ನಲ್ಲಿನಲ್ಲಿ ಕಾಲು ಇಳಿಬಿಟ್ಟ. ನೆಲ ಸಿಗಲಿಲ್ಲ. ಇನ್ನಷ್ಟು ಇಳಿಬಿಟ್ಟ. ಹೆಬ್ಬೆರಳ ತುದಿಗೆ ಏನೋ ತಾಗಿತು. ಗಾಡಿ ಎತ್ತರವಾಗಿದೆ ಎಂದು ಬುದ್ಧಿ ಇರುವ ಯಾರಿಗಾದರೂ ಹೊಳೆಯಬೇಕಿತ್ತು. ನಲವತ್ತಮೂರು ವರ್ಷ ತಪ್ಪೆಲ್ಲ ನಿನ್ನದೇ ಎಂದು ಹೇಳಿಸಿಕೊಂಡು ಬೆಳೆದವನಿಗೆ ಹೊಳೆದದ್ದು ಬೇರೆ.

'ಕುಗ್ಗಿಬಿಟ್ಟೆ' ಎಂದುಕೊಂಡ. 'ಯೋಚನೆ ಮಾಡಿ ಮಾಡಿ ನಾನು ಕುಗ್ಗಿಬಿಟ್ಟೆ.'

ಉಗ್ರಾಣದ ಅಂಗಳಕ್ಕೆ ಚಪ್ಪಟೆ ಕಲ್ಲು ಹಾಸಿತ್ತು. ಕಳೆದ ವರ್ಷವಷ್ಟೇ ಹೊಸದಾಗಿ ಹಾಸಿದ್ದು. ಒಂದು ಗೋಡೆಗೆ ಒರಗಿಸಿ ಸಾಹೇಬರ ಕುರ್ಚಿ ಹಾಕಿದ್ದರು. ಪರೀಕ್ಷೆಯ ಕ್ರಮ ಸರಳ. ಅಭ್ಯರ್ಥಿ ಬೈಕಿನ ಮೇಲೆ ಕೂರಬೇಕು. ಗುಮಾಸ್ತ ಒಂದು ಕಚೇರಿ ಹಾಳೆಯನ್ನು ಅವನ ಹಿಮ್ಮಡಿಯ ಕೆಳಗೆ ತೂರಿಸಿ ಎಳೆಯಬೇಕು. ಹಾಳೆ ಸಿಕ್ಕಿಕೊಂಡರೆ ಪಾಸು, ಸಲೀಸಾಗಿ ಬಂದರೆ ಫೇಲು.

ಗುಮಾಸ್ತ ಹಾಳೆ ತೂರಿಸಿದ. ಅದು ಎಡದಿಂದ ಹೋಗಿ, ಬಲದಿಂದ ಬಂದು, ಗಾಳಿಗೆ ಸ್ವಲ್ಪ ಪಟಪಟಿಸಿತು.

"ಸಾರ್, ಹಾಳೆ ಏನು, ಫೈಲೇ ಹೋಗುತ್ತೆ" ಎಂದ ಗುಮಾಸ್ತ. ನಿಜಕ್ಕೂ ಒಂದು ಫೈಲು ತಂದು ತೂರಿಸಿ ತೋರಿಸಿದ. ಉಗ್ರಾಣದವರೆಲ್ಲ ಕಿಟಕಿಯಲ್ಲಿ ನಿಂತು ನಕ್ಕರು.

"ಏನಯ್ಯಾ ಇದು?" ಎಂದರು ಸಾಹೇಬರು. "ಸೀಟು ತಗ್ಗಿದ ಗಾಡಿ ತರ್ತೀನಿ ಅಂತ ಅರ್ಜಿಯಲ್ಲಿ ಬರೆದಿದ್ದೀಯ. ಇದು ಒಂಟೆ ಇದ್ದ ಹಾಗಿದೆ!"

"ಸಾರ್, ನಾನು... ಭಾನುವಾರ ಮುಟ್ಟುತ್ತಿತ್ತು ಸಾರ್."

"ಭಾನುವಾರ ಕಾಲು ಉದ್ದ ಇತ್ತಾ?"

ಅಷ್ಟರಲ್ಲಿ ಗೇಟಿನಿಂದ ಭಾವಮೈದುನ ಎರಡೂ ಕೈ ಎತ್ತಿ ಓಡಿಬಂದ, ಹಿಂದೆ ಇನ್ಸ್‌ಪೆಕ್ಟರು, ಮೆಕ್ಯಾನಿಕ್ಕು. "ಭಾವಾ, ಹೇಗಿದೆ? ಎತ್ತರಿಸಿದ್ವಿ! ಪೂರ್ತಿ ಎತ್ತರಿಸಿದ್ವಿ! ಈಗ ಯಾರ ಮುಂದೆ ಬೇಕಾದ್ರೂ ತಲೆ ಎತ್ತಿ ಕೂತ್ಕೊಳ್ಳಿ!"

ಅಂಗುಲಪ್ಪನಿಗೆ ಆ ಕ್ಷಣದಲ್ಲಿ ಬಂದ ಸಿಟ್ಟು ಐದಡಿ ಒಂದಂಗುಲದ ಮೈಯಲ್ಲಿ ಹಿಡಿಸುವಂಥದ್ದಲ್ಲ. ಭಾವಮೈದುನನಿಗೆ ಬೈದ: "ನೀನು ಕಂಡಕಂಡಲ್ಲಿ ಕೂರೋದು ಬಿಟ್ಟು ನಿಂತ್ಕೊಂಡು ಬದುಕೋದು ಕಲಿ!" ಇನ್ಸ್‌ಪೆಕ್ಟರಿಗೆ ಬೈದ: "ನಿಮ್ಮ ಟೇಪನ್ನ ನಿಮ್ಮ ಬಾಯಿಗೆ ಸುತ್ತಿಕೊಳ್ಳಿ!" ಮೆಕ್ಯಾನಿಕ್ಕನಿಗೆ ಬೈದ, ಗುಮಾಸ್ತನಿಗೆ ಬೈದ. ಸಾಹೇಬರ ಕಡೆ ತಿರುಗಿ, "ನಿಮ್ಮ ನಾಯಿ ಜೀಪು ಬಿಟ್ಟಿದ್ರೆ ಇದೊಂದೂ ಬೇಕಿರ್ಲಿಲ್ಲ!" ಎಂದೂ ಅಂದುಬಿಟ್ಟ. ಕಿಟಕಿಗಳಲ್ಲಿ ನಗು ನಿಂತಿತು. ಅಷ್ಟೂ ಜನಕ್ಕೆ ಬೈದ ಅಂಗುಲಪ್ಪ ಸ್ಟಿಕ್ಕರು ಕಿತ್ತವನೊಬ್ಬನನ್ನು ಮಾತ್ರ ಬಿಟ್ಟ.

ಸಾಹೇಬರು ತಣ್ಣಗೆ ಪೆನ್ನು ತೆಗೆದರು. "ಕೊನೆಯ ಪರೀಕ್ಷೆಗೆ ನಿಯಮದಲ್ಲಿ ಒಂದು ಮರುಪರೀಕ್ಷೆ ಇದೆ. ನಾಳೆ ಹತ್ತು ಗಂಟೆ. ಅಲ್ಲೀವರೆಗೆ ಗಾಡಿ ಇಲ್ಲೇ ಇರುತ್ತೆ, ಮುಟ್ಟೋ ಹಾಗಿಲ್ಲ. ರಾತ್ರಿಯೊಳಗೆ ಕಾಲು ಬೆಳೆಸ್ಕೊಂಡು ಬಾ. ಇಲ್ಲದಿದ್ರೆ ಪಾಳಿ ರದ್ದು."

ಅಂಗುಲಪ್ಪ ಪೆಟ್ಟಿಗೆಗಳ ಔಷಧಿಯನ್ನು ಒಂದು ಚೀಲಕ್ಕೆ ಸುರಿದುಕೊಂಡು ಹೆಗಲಿಗೇರಿಸಿ ನಡೆದ. ಆರು ಮೈಲಿ ಏರು. ಸಿಟ್ಟಿಗೆ ಏದುಸಿರು ತಿಳಿಯಲಿಲ್ಲ.

ಗಣಿಯಲ್ಲಿ ಅವನಿಗೆ ಬೇರೆ ಹೆಸರು. ಅಲ್ಲಿ ಅವನು ಮಾತ್ರೆಯಣ್ಣ. ಅಲ್ಲಿ ಅವನ ಎತ್ತರದ ಬಗ್ಗೆ ಯಾರೂ ಒಂದು ದಿನ ಮಾತಾಡಿದವರಲ್ಲ. ಬಂಡೆಯ ಪಕ್ಕ ನಿಂತರೆ ಎಲ್ಲರೂ ಕುಳ್ಳರೇ.

"ಎಲ್ಲಣ್ಣ ಹೊಸ ಗಾಡಿ?" ಎಂದಳು ಕಲ್ಲು ಕಡಿಯುವವರ ಮೇಸ್ತ್ರಿಯಮ್ಮ. ಐವತ್ತರ ಹೆಂಗಸು, ಸುತ್ತಿಗೆ ಹಿಡಿದ ಕೈ ಸುತ್ತಿಗೆಯಷ್ಟೇ ಗಟ್ಟಿ. "ಕಳೆದ ವಾರ ಬಹಳ ಹೇಳಿದ್ಯಲ್ಲ, ಡುಗುಡುಗು ಅಂತ ಬರ್ತೀನಿ ಅಂತ."

ಅಂಗುಲಪ್ಪ ಚೀಲ ಇಳಿಸಿ ಕೂತ. ಎಲ್ಲವನ್ನೂ ಹೇಳಿದ. ಸ್ಟಿಕ್ಕರು ಕಿತ್ತಿದ್ದನ್ನೂ ಹೇಳಿದ. "ನಾನು ಕುಳ್ಳ ಅಂತ ಹೇಳೋಕೆ ನಾಚಿಕೆ ಆಯ್ತು ಕಣಮ್ಮ. ಅಷ್ಟೇ. ಅದಕ್ಕೆ ನಾಳೆಯಿಂದ ನಿಮಗೆ ಔಷಧಿ ಬರಲ್ಲ" ಎಂದ. ಅವಳು ನಗುತ್ತಾಳೆ ಎಂದುಕೊಂಡಿದ್ದ. ನಗಲಿಲ್ಲ.

"ಎಷ್ಟು ಸಾಲದು?"

ಅವನು ಮೂರು ಬೆರಳು ಜೋಡಿಸಿ ತೋರಿಸಿದ. ಅವಳು ತನ್ನ ಮೂರು ಬೆರಳನ್ನು ಅದರ ಪಕ್ಕ ಹಿಡಿದು ನೋಡಿದಳು. ತಗಡಿನ ಮನೆಯೊಳಗಿನಿಂದ ಯಾರೋ ಉಸಿರಿಗಾಗಿ ತಡಕಾಡುವ ಸದ್ದು ಬಂತು. ಮಾತ್ರೆ ಹಂಚುವುದು ಇನ್ನೂ ಶುರುವಾಗಿರಲಿಲ್ಲ.

"ಇಷ್ಟಕ್ಕೆ?" ಎಂದಳು ಮೇಸ್ತ್ರಿಯಮ್ಮ. "ಇಷ್ಟಕ್ಕೆ ನಾವು ಸಾಯ್ಬೇಕಾ? ಎಲ್ಲಿ ಕೂರಿಸ್ತಾರೆ ನಿನ್ನ?"

"ಉಗ್ರಾಣದ ಅಂಗಳದಲ್ಲಿ. ಹಾಸುಗಲ್ಲಿನ ಮೇಲೆ."

"ಹಾಸುಗಲ್ಲು" ಎಂದು ಅವಳು ಮತ್ತೊಮ್ಮೆ ಅಂದಳು. ಆಮೇಲೆ, "ನಾಳೆ ಹತ್ತಕ್ಕಲ್ವಾ? ನಡಿ, ಮೊದ್ಲು ಮಾತ್ರೆ ಕೊಡು."

ಮರುದಿನ ಬೀದಿಯ ಹಿತೈಷಿಗಳು ಶೋರೂಮಿನ ಮುಂದೆ ಧರಣಿ ಕೂತಿದ್ದರಿಂದ ಉಗ್ರಾಣಕ್ಕೆ ಬರಲಿಲ್ಲ, ಪುಣ್ಯ. ಹತ್ತಕ್ಕೆ ಸಾಹೇಬರು ಕುರ್ಚಿಯಲ್ಲಿ ಕೂತರು. ಅಂಗುಲಪ್ಪ ಬೈಕಿನ ಪಕ್ಕ ಕೈಕಟ್ಟಿ ನಿಂತ. ಗುಮಾಸ್ತ ಹಾಳೆಯನ್ನೂ, ತಮಾಷೆಗೆಂದು ಫೈಲನ್ನೂ ತಂದ. ಆಗ ಗೇಟಿನಲ್ಲಿ ಐದು ಹೆಂಗಸರು ಬಂದರು. ಎರಡು ಹಗ್ಗದ ಜೋಲಿಯಲ್ಲಿ ಎರಡು ಹಲಗೆಕಲ್ಲು, ಒಂದೊಂದಕ್ಕೆ ಇಬ್ಬರು. ಮೇಸ್ತ್ರಿಯಮ್ಮನ ಹೆಗಲ ಮೇಲೆ ಹಾರೆ.

"ಯಾರಮ್ಮ ನೀವು? ಔಷಧಿಗಾದ್ರೆ ಹಿಂದಿನ ಬಾಗಿಲು" ಎಂದ ಗುಮಾಸ್ತ.

ಹೆಂಗಸರು ನೇರ ಬೈಕಿನತ್ತ ನಡೆದರು. ಬೈಕಿನ ಆಚೆ ಒಂದು, ಈಚೆ ಒಂದು, ಕಲ್ಲು ಕೂತವು. ಉಳಿಯಲ್ಲಿ ನಯ ಮಾಡಿದ, ಸರಿಯಾಗಿ ಮೂರು ಬೆರಳು ದಪ್ಪದ ಕಲ್ಲು.

"ಹತ್ತು ಮಾತ್ರೆಯಣ್ಣ. ಕಾಲಿಡು."

ಅಂಗುಲಪ್ಪ ಸಾಹೇಬರನ್ನು ನೋಡಿದ, ಅವಳನ್ನು ನೋಡಿದ, ಹತ್ತಿದ. ಎರಡೂ ಹಿಮ್ಮಡಿ ಕಲ್ಲಿನ ಮೇಲೆ ಊರಿದವು.

"ಏನು ನಾಟಕ ಇದು!" ಸಾಹೇಬರು ಎದ್ದರು. "ನೆಲ ಮುಟ್ಟಬೇಕು ಅಂತಿದೆ ನಿಯಮ. ಕಲ್ಲಲ್ಲ, ನೆಲ!"

"ಇದೇ ನೆಲ ಸ್ವಾಮಿ" ಎಂದಳು ಮೇಸ್ತ್ರಿಯಮ್ಮ. "ನಿಮ್ಮ ನೆಲವೇ ತಗ್ಗಿರೋದು. ಅವನ ಕಾಲು ಸರಿಯಾಗಿದೆ."

"ಹುಚ್ಚಾ ನಿನಗೆ?"

ಅವಳು ಹಾರೆಯ ಮೊನೆಯನ್ನು ಹಾಸುಗಲ್ಲಿನ ಸಂದಿಗೆ ಇಳಿಸಿ ಒಮ್ಮೆ ಒತ್ತಿದಳು. ಕಲ್ಲು ಎದ್ದು ನಿಂತಿತು, ರೊಟ್ಟಿಯಂತೆ ತೆಳ್ಳಗೆ. ಅದರ ಅಂಚಿಗೆ ಅಡ್ಡಲಾಗಿ ಬೆರಳಿಟ್ಟಳು. ಮೂರು.

"ಈ ಅಂಗಳದ ಕಲ್ಲು ಕಡಿದವರು ನಾವು. ಆರು ಬೆರಳು ದಪ್ಪ ಕಡೀರಿ ಅಂತ ಶುರುಮಾಡಿಸಿದ್ರು. ಅರ್ಧಕ್ಕೆ ನಿಮ್ಮ ಕಂಟ್ರಾಕ್ಟರ್ ಬಂದು, ಸೀಳಿ ಎರಡು ಮಾಡ್ರಿ, ಸಾಹೇಬ್ರಿಗೆ ಹೇಳಿದ್ದೀನಿ ಅಂದ. ಸೀಳಿದ್ವಿ. ಆ ಪುಡಿ ಇನ್ನೂ ನಮ್ಮ ಎದೇಲಿದೆ. ನೀವು ಬಂದು ನೋಡಿ ಸಹಿ ಹಾಕಿದ್ರಿ, ಆರು ಬೆರಳು ಅಂತ. ನೆಲದಲ್ಲಿ ಮೂರು ಬೆರಳು ತಿಂದವರು ನೀವು. ಕಾಲು ಎಟುಕಲ್ಲ ಅಂತ ಬೈಸಿಕೊಳ್ಳೋನು ಇವನು. ಉಸಿರು ಕಟ್ಟಿ ಸಾಯೋರು ನಾವು."

ಕಿಟಕಿಗಳಲ್ಲಿ ಮುಖಗಳು ತುಂಬಿದವು. ಸಾಹೇಬರು ಎದ್ದುನಿಂತ ಕಲ್ಲನ್ನು ನೋಡಿದರು. ಅಂಗಳದ ತುಂಬ ಇನ್ನೂ ಮಲಗಿದ್ದ ಮುನ್ನೂರು ಕಲ್ಲುಗಳನ್ನೂ, ಮೇಸ್ತ್ರಿಯಮ್ಮನ ಕೈಯಲ್ಲಿದ್ದ ಹಾರೆಯನ್ನೂ ನೋಡಿದರು.

ಗುಮಾಸ್ತನಿಗೆ ಆ ಗಳಿಗೆಯಲ್ಲೇ ಜೀವಮಾನದ ಏಕೈಕ ಒಳ್ಳೆಯ ಯೋಚನೆ ಹೊಳೆಯಿತು. "ಸಾರ್, ಒಂದು ನಿಮಿಷ. ನೆಲ ಮೂರು ಬೆರಳು ಎತ್ತರ ಆಗಿದ್ರೆ ಗಾಡಿನೂ ಅದರ ಮೇಲೇ ನಿಲ್ತಿತ್ತಲ್ವಾ? ಆಗ ಗಾಡಿನೂ ಮೂರು ಬೆರಳು ಮೇ..."

"ಬಾಯಿ ಮುಚ್ಚಯ್ಯಾ!" ಎಂದು ಸಾಹೇಬರು ಗುಡುಗಿದರು. "ದೊಡ್ಡ ವಿಜ್ಞಾನಿ ಇವನು! ಹಾಳೆ ಹಾಕು!"

ಗುಮಾಸ್ತ ಬಗ್ಗಿ ಹಾಳೆ ತೂರಿಸಿ ಎಳೆದ. ಹಾಳೆ ಸಿಕ್ಕಿಕೊಂಡಿತು. ಜೋರಾಗಿ ಎಳೆದ, ಹರಿಯಿತು. ಸಾಹೇಬರು ಬೇರೆಯ ಕಡೆ ನೋಡುತ್ತ 'ಅರ್ಹ' ಎಂದು ಬರೆದು ಸಹಿ ಹಾಕಿದರು. ಅವಸರದಲ್ಲಿ ಸಹಿ ಎರಡು ಸಲ ಬಿತ್ತು.

"ಆಯ್ತಲ್ಲ? ಆ ಕಲ್ಲನ್ನ ಮೊದ್ಲು ಮಲಗಿಸಮ್ಮ" ಎಂದರು.

"ನಿಂತಿರ್ಲಿ" ಎಂದಳು ಮೇಸ್ತ್ರಿಯಮ್ಮ. "ಬಂದವರು ಹೋದವರು ನೋಡ್ಲಿ."

ಅಂಗುಲಪ್ಪ ಇಂಜಿನ್ನು ಚಾಲೂ ಮಾಡಿ, ಕಲ್ಲುಗಳ ನಡುವಿನಿಂದ ಗಾಡಿಯನ್ನು ಮುಂದಕ್ಕೆ ತಂದ. ಕಿಟಕಿಗಳ ಕಡೆ ಮುಖ ಮಾಡಿ ಕೂಗಿದ: "ಇದು ಕುಳ್ಳರ ಗಾಡಿ! ನಾನು ಕುಳ್ಳ! ಕೇಳಿಸ್ತಾ?" ಯಾರೂ ನಗಲಿಲ್ಲ. ಅವನಿಗೆ ಸ್ವಲ್ಪ ನಿರಾಶೆಯೇ ಆಯಿತು. ಇಷ್ಟು ಸುಲಭದ ಮಾತಿಗೆ ಐದು ದಿನ ಹಿಡಿಯಿತಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು.

ಉಳಿದ ನಾಲ್ವರು ಲಾರಿ ಹಿಡಿಯಲು ಹೋದರು. ಮೇಸ್ತ್ರಿಯಮ್ಮ ಹಾರೆಯನ್ನು ಅಡ್ಡ ಹಿಡಿದು ಹಿಂದಿನ ಸೀಟಿಗೆ ಹತ್ತಿದಳು. ಗಟ್ಟಿ ಮೈಯ ಹೆಂಗಸು. ಅವಳ ಭಾರಕ್ಕೆ ಗಾಡಿ ಉಸ್ಸೆಂದು ಕುಸಿಯಿತು, ಒಂದು ಬೆರಳು, ಎರಡು, ಮೂರು. ಕಲ್ಲಿಲ್ಲದ, ಕದ್ದ ನೆಲದ ಮೇಲೆ ಅಂಗುಲಪ್ಪನ ಎರಡೂ ಹಿಮ್ಮಡಿಗಳು ತಾವಾಗಿ ಬಂದು ಕೂತವು. ಅವನು ಬಗ್ಗಿ ನೋಡಿದ. ನಂಬಲಾರದೆ ಮತ್ತೊಮ್ಮೆ ಬಗ್ಗಿ ನೋಡಿದ. ಹಿಂದೆ ಭಾರದ ಆಳಿದ್ದರೆ ಸಾಕು ಎಂಬುದನ್ನು ಯಾವ ನಿಯಮದಲ್ಲೂ ಯಾರೂ ಬರೆದಿರಲಿಲ್ಲ.

ಬೆನ್ನಿಗೆ ಒಂದು ಗುದ್ದು ಬಿತ್ತು.

"ನೆಲ ಏನು ನೋಡ್ತಾ ಕೂತ್ಯೋ! ಹೊರಡು, ಬಿಸಿಲೇರ್ತಿದೆ!"